ಕಡಲೆ ಎಲೆಯ ಹುಳಿ

2024ರ ಡಿಸೆಂಬರ್ 30, ಎಳ್ಳಮಾವಾಸ್ಯೆ. ಯಲಬುರ್ಗಾ ತಾಲ್ಲೂಕಿನ ನಮ್ಮ ಎರೆ ಹೊಲದಲ್ಲಿ ನನ್ನ ಐದು ವರ್ಷದ ಮಗಳು ಕಡಲೆ ಗಿಡದ ಮುಂದೆ ಕೂತಿದ್ದಳು. ಎಲೆ ಮೇಲೆ ಇನ್ನೂ ಇಬ್ಬನಿ ಇತ್ತು. ನಮ್ಮವ್ವ ಬೆರಳಲ್ಲಿ ಎಲೆ ಸವರಿ, "ನೆಕ್ಕವ್ವಾ, ಹುಳಿ ಐತಿ" ಅಂದಳು. ಮಗಳು ಹಿಂದೆ ಸರಿದಳು. "ಹೊರಗೆ ಬೆಳೆದದ್ದನ್ನು ಬಾಯಿಗೆ ಹಾಕಬಾರದು ಅಜ್ಜಿ, ಟೀಚರ್ ಹೇಳಿದ್ದಾರೆ."

ಟೀಚರ್ ಹೇಳಿದ್ದು ನಿಜ. ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ಮಗಳು ಹೋಗುವುದು ಕಾಡಿನ ಶಿಶುವಿಹಾರಕ್ಕೆ. ಅದಕ್ಕೆ ಗೋಡೆ, ಚಾವಣಿ ಇಲ್ಲ. ಚಳಿ ಜಾಸ್ತಿಯಾದರೆ ಕೂರಲು ಗಾಲಿಯ ಮೇಲಿನ ಒಂದು ಮರದ ಕೋಣೆ, ಅಷ್ಟೇ. ಮಳೆ ಬರಲಿ, ಹಿಮ ಬೀಳಲಿ, ದಿನಕ್ಕೆ ನಾಲ್ಕು ಗಂಟೆ ಮಕ್ಕಳು ಹೊರಗೇ ಇರುತ್ತಾರೆ. ಡೆನ್ಮಾರ್ಕಿನಲ್ಲಿ 1950ರ ದಶಕದಲ್ಲಿ ಒಬ್ಬ ತಾಯಿ ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗುತ್ತಿದ್ದರಂತೆ, ಅಲ್ಲಿಂದ ಇದು ಬೆಳೆಯಿತು. ಜರ್ಮನಿಯಲ್ಲಿ ಸರ್ಕಾರದ ಮಾನ್ಯತೆ ಸಿಕ್ಕಿದ್ದು 1993ರಲ್ಲಿ, ಫ್ಲೆನ್ಸ್‌ಬುರ್ಗ್ ಊರಿನ ಒಂದು ಶಿಶುವಿಹಾರಕ್ಕೆ. ಈಗ ಅಂಥವು ಸಾವಿರಕ್ಕೂ ಹೆಚ್ಚಿವೆ.

ಅಲ್ಲಿ ಏನನ್ನೂ ಕಿತ್ತು ತಿನ್ನುವ ಹಾಗಿಲ್ಲ. ನೆಲಕ್ಕೆ ಹತ್ತಿರ ಬೆಳೆಯುವ ಹಣ್ಣಿಗೆ ನರಿಯ ಹೊಟ್ಟೆಯ ಲಾಡಿಹುಳುವಿನ ಮೊಟ್ಟೆ ಅಂಟಿರಬಹುದು ಅನ್ನುವ ಭಯ. ಸಂಜೆ ಮನೆಗೆ ಬಂದ ಮೇಲೆ ಮಗುವಿನ ಕಂಕುಳು, ಕುತ್ತಿಗೆ, ಕಿವಿಯ ಹಿಂದೆ ಉಣ್ಣಿ ಕಚ್ಚಿದೆಯಾ ಅಂತ ನೋಡುವುದು ನಮ್ಮ ಕೆಲಸ. ನೋಡು, ಮುಟ್ಟು, ಹತ್ತು, ಬೀಳು, ಎಲ್ಲ ಸರಿ. ತಿನ್ನಬೇಡ. ನನಗೆ ಆ ಶಿಶುವಿಹಾರ ತುಂಬಾ ಇಷ್ಟ. ಮಗಳು ಬಿದ್ದರೆ ತಾನೇ ಏಳುತ್ತಾಳೆ. ಬಸವನಹುಳುವಿನ ಮುಂದೆ ಅರ್ಧ ಗಂಟೆ ಕೂರುತ್ತಾಳೆ. ಬೇಗ ಏಳು ಅಂತ ಅವಳಿಗೆ ಯಾರೂ ಹೇಳುವುದಿಲ್ಲ.

ಆದರೆ ಆ ಕಾಡಿಗೆ ಅವಳು ದಿನಾ ಹೋಗಿ ಬರುವ ನೆಂಟಳು. ಅದು ಅವಳ ಹೊಟ್ಟೆಗೆ ಹಾಕುವ ನೆಲ ಅಲ್ಲ. ಅವತ್ತು ಹೊಲದಲ್ಲಿ ನನಗೆ ತಿಳಿದದ್ದು ಇದು.

ಕೊನೆಗೆ ಅವ್ವ ತಾನೇ ಒಂದು ಎಲೆ ನೆಕ್ಕಿ ತೋರಿಸಿದಳು. ಮಗಳೂ ನೆಕ್ಕಿದಳು. ಮುಖ ಹಿಂಡಿ, "ಇನ್ನೊಂದು" ಅಂದಳು. ಕಡಲೆ ಗಿಡ ತಾನೇ ಹುಳಿ ಬಿಡುತ್ತದೆ, ಅದು ಇಬ್ಬನಿಯಲ್ಲಿ ಸೇರಿಕೊಂಡಿರುತ್ತದೆ. ಅವ್ವನ ಕಾಲದಲ್ಲಿ ರಾತ್ರಿ ಗಿಡದ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಇಟ್ಟುಕೊಳ್ಳುತ್ತಿದ್ದರು. ಹೊಟ್ಟೆ ನೋವಿಗೆ ಅದೇ ಔಷಧಿ ಅನ್ನುತ್ತಿದ್ದರು. ಆಮೇಲೆ ಬನ್ನಿ ಗಿಡದ ಕೆಳಗೆ ಐದು ಕಲ್ಲಿಟ್ಟು ಪಾಂಡವರ ಪೂಜೆ ಮಾಡಿದೆವು. ಅವ್ವ ಹೊಲದ ಸುತ್ತ ಚರಗ, ಅಂದರೆ ಭೂಮಿತಾಯಿಗೆ ಅಡುಗೆಯ ಪಾಲು, ಚೆಲ್ಲಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ ಬಿಚ್ಚಿ ಕೂತೆವು. ಮೊದಲು ಭೂಮಿಗೆ, ಆಮೇಲೆ ನಮಗೆ. ಯಾಕೆ ಅಂತ ಮಗಳು ಕೇಳಿದಳು. "ಆಕಿ ಉಣಿಸ್ತಾಳ, ಆಕಿಗೆ ನಾವು ಉಣಿಸಬಾರದೇನು?" ಅಂದಳು ಅವ್ವ. ನಾನು ಒಂದು ಗಂಟೆ ವಿವರಿಸಿದ್ದರೂ ಅಷ್ಟು ಹೇಳಲು ಆಗುತ್ತಿರಲಿಲ್ಲ.

ಊರಲ್ಲೇ ಇದ್ದರೆ ಮಕ್ಕಳಿಗೆ ಇದೆಲ್ಲ ತಾನಾಗಿ ಬರುತ್ತದೆ ಅಂದುಕೊಂಡಿದ್ದೆ. ಹಾಗಿಲ್ಲ. ತಮ್ಮನ ಮಗನಿಗೆ ಎಂಟು ವರ್ಷ. ಅವನೂ ಅವತ್ತೇ ಮೊದಲ ಸಲ ಕಡಲೆ ಎಲೆ ನೆಕ್ಕಿದ್ದು. ಬೆಳಿಗ್ಗೆ ಏಳೂವರೆಗೆ ಶಾಲೆಯ ವ್ಯಾನ್ ಬರುತ್ತದೆ, ಸಂಜೆ ಟ್ಯೂಷನ್, ರಾತ್ರಿ ಮೊಬೈಲು. ಮನೆಯಿಂದ ಹೊಲ ಒಂದು ಕಿಲೋಮೀಟರ್. ಅಷ್ಟು ದೂರ ಅವನು ನಡೆದು ಹೋದದ್ದೇ ಕಡಿಮೆ.

ಅವ್ವನನ್ನು ಕೇಳಿದೆ, ಯಾಕೆ ಕರೆದುಕೊಂಡು ಬರುವುದಿಲ್ಲ ಅಂತ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಾನು ನಾಕನೇತ್ತಕ್ಕ ಸಾಲಿ ಬಿಟ್ಟು ಹತ್ತಿ ಬಿಡಿಸಾಕ ಹೋದಾಕಿ. ನಿನ್ನ ಕೈಗೆ ಮಣ್ಣು ಹತ್ತಬಾರದು ಅಂತ ಓದಿಸಿದೆ. ಈಗ ಹುಡುಗನ್ನ ಹೊಲಕ್ಕ ಕರಿ ಅಂದ್ರ ಹೆಂಗ ಕರೀಲಪಾ?"

ಈ ಮಾತು ಇನ್ನೂ ನನ್ನ ಎದೆಯಲ್ಲಿದೆ. ನಮ್ಮ ಕಡೆ ಹೊಲ ಅಂದರೆ ಎಷ್ಟೋ ಹೆಣ್ಣುಮಕ್ಕಳಿಗೆ ಕೈತಪ್ಪಿದ ಶಾಲೆ. ಹತ್ತಿ ಬೀಜದ ಹೊಲಗಳಲ್ಲಿ ಹೂವಿಗೆ ಹೂ ಮುಟ್ಟಿಸುತ್ತಾ ಬಾಲ್ಯ ಕಳೆದವರು ಕೊಪ್ಪಳ, ರಾಯಚೂರು ಕಡೆ ಬಹಳ ಇದ್ದಾರೆ. ಅವರಿಗೆ ಹೋಗಿ, ಮಕ್ಕಳನ್ನು ಮಣ್ಣಲ್ಲಿ ಬೆಳೆಸಿ ಅಂತ ನಾನು ಜರ್ಮನಿಯಿಂದ ಉಪದೇಶ ಮಾಡಲಾರೆ. ಶಾಲೆ ಬೇಕೇ ಬೇಕು. ಅದರಲ್ಲಿ ಎರಡು ಮಾತಿಲ್ಲ.

ಆದರೆ ಕೂಲಿಗೆ ಹೋಗುವುದು ಬೇರೆ, ಅಜ್ಜಿಯ ಸೆರಗು ಹಿಡಿದು ಹೊಲ ಸುತ್ತುವುದು ಬೇರೆ ಅಲ್ವಾ? ಬಡತನದ ಮೇಲಿನ ಸಿಟ್ಟಿನಲ್ಲಿ ನಾವು ಎರಡನ್ನೂ ಒಟ್ಟಿಗೆ ಬಿಟ್ಟುಬಿಟ್ಟೆವು. ಜರ್ಮನಿಯಲ್ಲಿ ನಾನು ಕಂಡ ದೊಡ್ಡ ವ್ಯತ್ಯಾಸ ಇಲ್ಲಿದೆ. ಅಲ್ಲಿ ಮೈಯೆಲ್ಲ ಕೆಸರಾಗಿ ಬಂದ ಮಗುವನ್ನು ನೋಡಿ ಯಾರೂ ಇದರ ಓದು ಹಾಳಾಯಿತು ಅನ್ನುವುದಿಲ್ಲ. ಅದನ್ನೇ ಓದು ಅಂತ ತಿಳಿಯುತ್ತಾರೆ. ನಮ್ಮಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೂ ಈಗ ಎತ್ತುಗಳನ್ನು ಸಂತೆಯಿಂದ ತರುತ್ತಾರೆ. ಹಳ್ಳದಿಂದ ಎರೆಮಣ್ಣು ತಂದು, ನಾದಿ, ಕೊಂಬು ನಿಲ್ಲದೆ ಮತ್ತೆ ಮತ್ತೆ ತಟ್ಟಿದ್ದು ನನಗೆ ಚೆನ್ನಾಗಿ ನೆನಪಿದೆ.

ಅವಸರ ಮಾಡಬೇಕಾದ ಕಾರಣ ಇನ್ನೊಂದಿದೆ. ಅವ್ವ ಎಲೆ ಮುಟ್ಟುವ ಮೊದಲು ತಮ್ಮನನ್ನು ಕೇಳಿದ್ದಳು: "ಇದಕ್ಕ ಎಣ್ಣಿ ಹೊಡದಿಲ್ಲ ಹೌದಿಲ್ಲೋ?" ಕಾಯಿಕೊರಕ ಹುಳುವಿಗೆ ಪಕ್ಕದ ಹೊಲದವರು ಹಿಂದಿನ ವಾರವೇ ಔಷಧಿ ಹೊಡೆದಿದ್ದರು. ನಮ್ಮದು ಮನೆಗೆ ಅಂತ ಬಿಟ್ಟ ನಾಲ್ಕು ಸಾಲು. ಯಾವ ಸಾಲು ನೆಕ್ಕಬಹುದು, ಯಾವುದು ಬೇಡ, ಬದುವಿನ ಯಾವ ಬಿಲದ ಹತ್ತಿರ ಕಾಲಿಡಬಾರದು, ಇದೆಲ್ಲ ಗೊತ್ತಿರುವುದು ಅವ್ವನಿಗೆ. ಮಗಳ ಟೀಚರ್‌ಗೆ ಅವರ ಕಾಡು ಗೊತ್ತಿರುವಷ್ಟೇ ಚೆನ್ನಾಗಿ. ಅವ್ವನಿಗೆ ಈಗ ಅರವತ್ತೆಂಟು. ಕೇಳಿ ಕಲಿಯುವ ಮಕ್ಕಳು ಪಕ್ಕದಲ್ಲಿಲ್ಲ. ನಾನೂ ಇಲ್ಲ. ಇದು ನನ್ನನ್ನು ಕಾಡುತ್ತದೆ.

ತಮ್ಮನಿಗೆ ಒಂದೇ ಮಾತು ಕೇಳಿದ್ದೇನೆ. ಭಾನುವಾರ ಬೆಳಿಗ್ಗೆ ಎರಡು ಗಂಟೆ, ಬಿಸಿಲೇರುವ ಮೊದಲು, ಹುಡುಗನನ್ನು ಅವ್ವನ ಜೊತೆ ಹೊಲಕ್ಕೆ ಕಳಿಸು ಅಂತ. ಕೆಲಸಕ್ಕಲ್ಲ, ಸುಮ್ನೆ ಜೊತೆಗೆ. ಭಾನುವಾರವೂ ಟ್ಯೂಷನ್ ಇದೆಯಂತೆ. ಕೇಳಿ ನೋಡ್ತೀನಿ ಅಂದಿದ್ದಾನೆ. ಅವ್ವ ಮಾತ್ರ ಆಗಲೇ ಹುಡುಗನಿಗೆ ಅಂತ ಕಳೆ ತೆಗೆಯುವ ಒಂದು ಸಣ್ಣ ಕುರ್ಚಿಗಿ ಹುಡುಕಿ ಇಟ್ಟಿದ್ದಾಳೆ.