ರಾಕ್ ಸಂಗೀತವನ್ನು ಹಳಿದವರಿಗೆ ರಾಕ್ ಡ್ರಮ್ಮರ್‌ಗಳು ಸಲ್ಲಿಸಿದ ಗೌರವ

ಗತಿಸಿದ ಸಂಗೀತಗಾರರ ನೆನಪಿನಲ್ಲಿ ಹೊರಬರುವ ಗೌರವಾರ್ಪಣೆಯ ಆಲ್ಬಂಗಳಲ್ಲಿ ಬಹುಪಾಲು ನನಗೆ ರುಚಿಸುವುದಿಲ್ಲ. ಹೆಸರುವಾಸಿಗಳು ಒಂದೆಡೆ ಸೇರುತ್ತಾರೆ, ತಮಗೆ ಮೊದಲೇ ಗೊತ್ತಿರುವುದನ್ನು ನುಡಿಸುತ್ತಾರೆ, ಅಗಲಿದವರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಮನೆಗೆ ಮರಳುತ್ತಾರೆ. 1994ರಲ್ಲಿ ಬಂದ ‘ಬರ್ನಿಂಗ್ ಫಾರ್ ಬಡ್ಡಿ’ ಎಂಬ ಆಲ್ಬಂ ನನ್ನ ಮಟ್ಟಿಗೆ ಇದಕ್ಕೆ ಅಪವಾದ. ಅದರಲ್ಲಿರುವ ವಾದನವೆಲ್ಲ ಶ್ರೇಷ್ಠವೆಂದು ನಾನು ಹೇಳುತ್ತಿಲ್ಲ. ಕೆಲವು ಕಡೆ ಅದು ಸಾಧಾರಣವಾಗಿಯೇ ಇದೆ. ಆದರೆ ಆ ಧ್ವನಿಮುದ್ರಣವನ್ನು ಏರ್ಪಡಿಸಿದ ರಾಕ್ ಡ್ರಮ್ಮರ್ ನೀಲ್ ಪಿಯರ್ಟ್, ಅದು ಮುಗಿಯುವ ಹೊತ್ತಿಗೆ ತಮ್ಮ ಎರಡು ದಶಕಗಳ ಖ್ಯಾತಿಯನ್ನು ಪಕ್ಕಕ್ಕಿಟ್ಟು ಡ್ರಮ್ ಕೋಲು ಹಿಡಿಯುವುದನ್ನೇ ಮೊದಲಿನಿಂದ ಕಲಿಯಲು ಹೊರಟರು. ಹಿರಿಯನೊಬ್ಬನಿಗೆ ಸಲ್ಲುವ ಗೌರವ ಎಂದರೆ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಹಿರಿಯರು ಬಡ್ಡಿ ರಿಚ್. 1917ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ತಂದೆ ತಾಯಿ ಇಬ್ಬರೂ ವಾಡ್ವಿಲ್ ಎಂಬ ವಿನೋದಾವಳಿ ರಂಗದ ಕಲಾವಿದರಾಗಿದ್ದರಿಂದ, ಇನ್ನೂ ಎರಡು ವರ್ಷ ತುಂಬುವ ಮೊದಲೇ ಮಗು ವೇದಿಕೆಯ ಮೇಲೆ ಡ್ರಮ್ ಬಾರಿಸತೊಡಗಿತ್ತು. ‘ಟ್ರ್ಯಾಪ್ಸ್, ದಿ ಡ್ರಮ್ ವಂಡರ್’ ಎಂಬ ಹೆಸರಿನಲ್ಲಿ ಊರೂರು ಸುತ್ತಿತು. ಮುಂದೆ ಆರ್ಟಿ ಶಾ, ಟಾಮಿ ಡಾರ್ಸಿ, ಹ್ಯಾರಿ ಜೇಮ್ಸ್ ಮುಂತಾದವರ ಬಿಗ್ ಬ್ಯಾಂಡ್ ಎಂಬ ದೊಡ್ಡ ಜಾಝ್ ವಾದ್ಯವೃಂದಗಳಲ್ಲಿ ಅವರು ಬೆಳೆದರು. ಡಾರ್ಸಿ ವೃಂದದಲ್ಲಿ ಆಗ ಹಾಡುತ್ತಿದ್ದ ತರುಣ ಫ್ರ್ಯಾಂಕ್ ಸಿನಾಟ್ರಾ ಅವರೊಂದಿಗೆ ಕೈಕೈ ಮಿಲಾಯಿಸಿದ್ದೂ ಉಂಟು. ಅದೇ ಸಿನಾಟ್ರಾ ಯುದ್ಧಾನಂತರ ರಿಚ್ ಅವರ ಮೊದಲ ಸ್ವಂತ ವೃಂದಕ್ಕೆ ಹಣ ಕೊಟ್ಟದ್ದೂ ಉಂಟು. ಬಿಗ್ ಬ್ಯಾಂಡ್‌ಗಳ ಕಾಲ ಮುಗಿದೇಹೋಯಿತೆಂದು ಎಲ್ಲರೂ ತೀರ್ಮಾನಿಸಿದ್ದ 1966ರಲ್ಲಿ ಅವರು ಮತ್ತೊಮ್ಮೆ ಸ್ವಂತ ವೃಂದ ಕಟ್ಟಿದರು. 1983ರಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಾದ ಮೇಲೂ ಬೇಗನೆ ವೇದಿಕೆಗೆ ಮರಳಿದರು. 1987ರ ಏಪ್ರಿಲ್ 2ರಂದು ಲಾಸ್ ಏಂಜಲೀಸ್‌ನಲ್ಲಿ ಮೆದುಳಿನ ಗೆಡ್ಡೆಗೆ ಚಿಕಿತ್ಸೆ ಪಡೆಯುತ್ತಿದ್ದಾಗ ತೀರಿಕೊಂಡರು.

ರಿಚ್ ಎಂದೊಡನೆ ಎಲ್ಲರೂ ವೇಗದ ಮಾತಾಡುತ್ತಾರೆ. ಅಂತರ್ಜಾಲದಲ್ಲಿ ಓಡಾಡುವ ವಿಡಿಯೊ ತುಣುಕುಗಳಲ್ಲಿ ಕಾಣುವುದೂ ಅದೇ: ಒಂದೇ ಕೈಯಲ್ಲಿ ಸ್ನೇರ್ ಎಂಬ ಚಿಕ್ಕ ಡ್ರಮ್ ಮೇಲೆ ಹರಿಯುವ ಉರುಳಿಕೆ, ಕಣ್ಣಿಗೆ ಸಿಗದ ಕೋಲುಗಳು. ನನ್ನ ದೃಷ್ಟಿಯಲ್ಲಿ ಅವರ ದೊಡ್ಡತನ ಇರುವುದು ಸೋಲೊ ಶುರುವಾಗುವ ಮೊದಲು. ನಾಲ್ಕೈದು ಟ್ರಂಪೆಟ್, ಮೂರು ನಾಲ್ಕು ಟ್ರಾಂಬೋನ್, ಐದು ಸ್ಯಾಕ್ಸೊಫೋನ್‌ಗಳಿರುವ ವೃಂದವೊಂದು ಒಂದೇ ಉಸಿರಿನಲ್ಲಿ ಒಂದು ಸಂಗತಿಯನ್ನು ನುಡಿಯಬೇಕಾದರೆ, ಅದಕ್ಕೆ ಒಂದು ಪೆಟ್ಟು ಮೊದಲೇ ಡ್ರಮ್ಮರ್ ಎಡೆ ಮಾಡಿಕೊಡಬೇಕು. ಇಷ್ಟೊಂದು ಜನರ ಉಸಿರನ್ನು ಮುಂಚಿತವಾಗಿ ತಾನೇ ಎಳೆದುಕೊಳ್ಳಬೇಕು. ರಿಚ್ ಇದನ್ನು ಮಾಡಿದ ರೀತಿ ಬೆರಗು ಹುಟ್ಟಿಸುವಂಥದ್ದು, ಏಕೆಂದರೆ ಅವರಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಹೊಸ ಕೃತಿ ಬಂದಾಗ ತಾಲೀಮಿನಲ್ಲಿ ಬೇರೊಬ್ಬ ಡ್ರಮ್ಮರ್ ಅದನ್ನು ಓದಿ ನುಡಿಸುತ್ತಿದ್ದರು. ರಿಚ್ ಕುಳಿತು ಕೇಳಿಸಿಕೊಂಡು, ಆಮೇಲೆ ಎದ್ದು ಹೋಗಿ ಅದನ್ನೇ, ಅದಕ್ಕಿಂತ ಚೆನ್ನಾಗಿ, ನುಡಿಸುತ್ತಿದ್ದರು. 1966ರ ಧ್ವನಿಮುದ್ರಣದಲ್ಲಿರುವ, ಬಿಲ್ ರೆಡ್ಡಿ ಹೊಂದಿಸಿಕೊಟ್ಟ ‘ವೆಸ್ಟ್ ಸೈಡ್ ಸ್ಟೋರಿ’ ಸಂಗೀತ ನಾಟಕದ ಹಾಡುಗಳ ಮೆಡ್ಲಿ (ಮಾಲಿಕೆ) ಹತ್ತು ನಿಮಿಷಕ್ಕೂ ಹೆಚ್ಚು ಕಾಲದ ಜಟಿಲ ರಚನೆ. ಅದನ್ನು ಕಿವಿಯೊಂದರ ಬಲದಿಂದ ಕರಗತ ಮಾಡಿಕೊಂಡದ್ದೆಂಬುದು ನೆನಪಾದಾಗ, ಕೈಚಳಕದ ಮಾತು ಸಣ್ಣದೆನಿಸುತ್ತದೆ.

ಇಂಥ ರಿಚ್ ರಾಕ್ ಸಂಗೀತವನ್ನು ಕಂಡರೆ ಸಿಡಿಯುತ್ತಿದ್ದರು. ಟೆಲಿವಿಷನ್ ಸಂದರ್ಶನಗಳಲ್ಲಿ ಅದನ್ನು ಹಳಿಯುವ ಅವಕಾಶ ಸಿಕ್ಕಿದರೆ ಬಿಡುತ್ತಿರಲಿಲ್ಲ. ಹಾಗೆಂದು ತರುಣರ ಹಾಡುಗಳನ್ನು ದೂರವಿಡಲೂ ಇಲ್ಲ: ಬೀಟಲ್ಸ್‌ರ ‘ನಾರ್ವೇಜಿಯನ್ ವುಡ್’ ಅವರ ವೃಂದದಲ್ಲಿ ಮೊಳಗಿತು, ಇನ್ನೂ ಬಾಲಕಿಯಾಗಿದ್ದ ಮಗಳು ಕ್ಯಾಥಿಯಿಂದ ಆಗಿನ ಪಾಪ್ ಹಾಡೊಂದನ್ನು ಹಾಡಿಸಿದ್ದೂ ಆಯಿತು. ಮಾರುಕಟ್ಟೆಯ ಒತ್ತಡ ಅದರಲ್ಲಿ ಇತ್ತೆನ್ನಬಹುದು. ಏನೇ ಇರಲಿ, ಅವರು ಯಾರನ್ನು ಜರೆಯುತ್ತಿದ್ದರೋ ಆ ಪಂಗಡದ ಡ್ರಮ್ಮರ್‌ಗಳೇ ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಈ ಏಕಪಕ್ಷೀಯ ಪ್ರೀತಿ ನನಗೆ ಬಹಳ ಕುತೂಹಲದ ವಿಷಯ.

ರಿಚ್ ತೀರಿಕೊಂಡ ಬಳಿಕ ಅವರ ಹೆಸರಿನಲ್ಲಿ ವಿದ್ಯಾರ್ಥಿವೇತನಕ್ಕಾಗಿ ಸ್ಮರಣಾರ್ಥ ಕಛೇರಿಗಳು ನಡೆಯತೊಡಗಿದವು. 1989ರಲ್ಲಿ ಲಾಸ್ ಏಂಜಲೀಸ್‌ನ ವಿಲ್ಟರ್ನ್ ರಂಗಮಂದಿರದಲ್ಲಿ ಡೇವ್ ವೆಕಲ್, ವಿನ್ನಿ ಕೊಲಾಯುಟ ಮತ್ತು ಸ್ಟೀವ್ ಗ್ಯಾಡ್ ಒಟ್ಟಿಗೆ ಕುಳಿತು ನುಡಿಸಿದ್ದನ್ನು ಡ್ರಮ್ಸ್ ಕಲಿಯುವ ಮಕ್ಕಳು ಇಂದಿಗೂ ಪಾಠದಂತೆ ನೋಡುತ್ತಾರೆ. ಮೊದಲಿಬ್ಬರ ಮಿಂಚಿನ ನಂತರ ಗ್ಯಾಡ್ ಎಷ್ಟು ಕಡಿಮೆ ನುಡಿಸಿ ಎಷ್ಟು ದೊಡ್ಡವರಾಗಿ ಕಾಣುತ್ತಾರೆ ಎಂಬುದನ್ನು ಗಮನಿಸಿ. 1991ರ ನ್ಯೂಯಾರ್ಕ್ ಕಛೇರಿಗೆ ಕ್ಯಾಥಿ ರಿಚ್ ಆಹ್ವಾನಿಸಿದ್ದು ನೀಲ್ ಪಿಯರ್ಟ್ ಅವರನ್ನು. ಕೆನಡಾದ ‘ರಶ್’ ಎಂಬ ರಾಕ್ ತಂಡಕ್ಕೆ 1974ರಲ್ಲಿ ಸೇರಿದ ಪಿಯರ್ಟ್, ಆ ಹೊತ್ತಿಗೆ ಜಗತ್ತಿನ ಅತಿ ಹೆಚ್ಚು ಅನುಕರಣೆಗೊಳಗಾದ ರಾಕ್ ಡ್ರಮ್ಮರ್‌ಗಳಲ್ಲಿ ಒಬ್ಬರಾಗಿದ್ದರು. ಅವರು ಹೋದರು, ಸಾಕಷ್ಟು ತಾಲೀಮಿಲ್ಲದೆ ಬಿಗ್ ಬ್ಯಾಂಡ್ ಜೊತೆ ನುಡಿಸಿದರು, ಜನ ಚಪ್ಪಾಳೆ ತಟ್ಟಿದರು. ಪಿಯರ್ಟ್ ಮಾತ್ರ ತಮ್ಮ ವಾದನದಿಂದ ತೃಪ್ತರಾಗಲಿಲ್ಲ.

ಆ ಅತೃಪ್ತಿಗೆ ತಾಂತ್ರಿಕ ಕಾರಣವಿದೆ. ನಮ್ಮ ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ, ರಾಕ್ ಲಯ ಬಹುಮಟ್ಟಿಗೆ ಚತುರಶ್ರ ನಡೆಯದು. ಪೆಟ್ಟನ್ನು ಎರಡಾಗಿ, ನಾಲ್ಕಾಗಿ ಸಮನಾಗಿ ಒಡೆಯುವಂಥದ್ದು. ಬಿಗ್ ಬ್ಯಾಂಡ್ ಜಾಝ್‌ನ ಲಯವಾದ ಸ್ವಿಂಗ್ ತಿಶ್ರದ ಕಡೆಗೆ ವಾಲುತ್ತದೆ. ಮೂರು ಭಾಗಗಳಲ್ಲಿ ನಡುವಿನದನ್ನು ನುಂಗಿ ಮೊದಲನೆಯದನ್ನೂ ಕೊನೆಯದನ್ನೂ ನುಡಿದಂತೆ ಕೇಳಿಸುತ್ತದೆ. ಆದರೆ ಅದು ಲೆಕ್ಕ ಕಟ್ಟಿದ ತಿಶ್ರವೂ ಅಲ್ಲ: ವೇಗ ಏರಿದಂತೆ ಆ ಅಂತರ ಸಮತಟ್ಟಾಗುತ್ತ ಹೋಗುತ್ತದೆ, ಇಳಿದಂತೆ ಹಿಗ್ಗುತ್ತದೆ, ಒಬ್ಬೊಬ್ಬ ವಾದಕನಲ್ಲಿ ಒಂದೊಂದು ಬಗೆಯಾಗಿ ನಿಲ್ಲುತ್ತದೆ. ರಾಕ್ ಡ್ರಮ್ಮರ್ ಎರಡನೆಯ ಮತ್ತು ನಾಲ್ಕನೆಯ ಪೆಟ್ಟನ್ನು ಸ್ನೇರ್ ಮೇಲೆ ಅಪ್ಪಳಿಸಿ, ಬಾಸ್ ಡ್ರಮ್‌ನಿಂದ ಕೆಳಗಿನ ನೆಲವನ್ನು ಗಟ್ಟಿ ಮಾಡುತ್ತಾನೆ. ಸ್ವಿಂಗ್ ನುಡಿಸುವವನ ಲಯ ಮೇಲಿರುತ್ತದೆ, ರೈಡ್ ಸಿಂಬಲ್ ಎಂಬ ದೊಡ್ಡ ಲೋಹದ ತಟ್ಟೆಯಲ್ಲಿ. ಅದೇ ಎರಡು ಪೆಟ್ಟುಗಳನ್ನು ಅವನು ಎಡಗಾಲಿನಿಂದ ಒತ್ತುವ ಜೋಡಿ ತಟ್ಟೆಯಾದ ಹೈ-ಹ್ಯಾಟ್‌ನಿಂದ ಹಗುರಾಗಿ ಮುಚ್ಚುತ್ತಾನೆ. ಪಿಯರ್ಟ್ ಅವರ ಶಕ್ತಿಯೆಲ್ಲ ಮುಂಚೆಯೇ ರಚಿಸಿಕೊಂಡ, ಅಕ್ಷರ ತಪ್ಪದ, ನಿಖರವಾದ ವಾದನದಲ್ಲಿತ್ತು. ಆ ನಿಖರತೆಯೇ ಇಲ್ಲಿ ತೊಡಕಾಯಿತು.

ಸೋತೆನೆಂದು ಕೊರಗುವ ಬದಲು ಅವರು ರಿಚ್ ವೃಂದದ ಕೃತಿಗಳನ್ನೇ ಬೇರೆ ಬೇರೆ ಡ್ರಮ್ಮರ್‌ಗಳಿಂದ ನುಡಿಸಿ ಧ್ವನಿಮುದ್ರಿಸುವ ಯೋಜನೆ ಹಾಕಿದರು. 1994ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಪವರ್ ಸ್ಟೇಷನ್ ಸ್ಟುಡಿಯೊದಲ್ಲಿ, ರಿಚ್ ಅವರ ಹಳೆಯ ಸಹವಾದಕರನ್ನೊಳಗೊಂಡ ವೃಂದದ ಎದುರಿಗೆ, ದಿನಕ್ಕೊಬ್ಬರೋ ಇಬ್ಬರೋ ಡ್ರಮ್ಮರ್‌ಗಳು ಬಂದು ಕುಳಿತರು. ಪಟ್ಟಿಯೇ ಸ್ವಾರಸ್ಯಕರ. ಗನ್ಸ್ ಎನ್ ರೋಸಸ್‌ನ ಮ್ಯಾಟ್ ಸೋರಮ್ ಒಂದು ಕಡೆ, ಬೆಬಾಪ್ ಎಂಬ ಜಾಝ್ ಶೈಲಿಯ ಯುಗವನ್ನೇ ಕಟ್ಟಿದ ಮ್ಯಾಕ್ಸ್ ರೋಚ್ ಇನ್ನೊಂದು ಕಡೆ. ಮಹಾವಿಷ್ಣು ಆರ್ಕೆಸ್ಟ್ರಾದ ಬಿಲ್ಲಿ ಕಾಬಮ್, ಕಿಂಗ್ ಕ್ರಿಮ್ಸನ್‌ನ ಬಿಲ್ ಬ್ರೂಫರ್ಡ್, ಡೇವ್ ಬ್ರೂಬೆಕ್ ಜೊತೆ ಐದು ಪೆಟ್ಟಿನ ‘ಟೇಕ್ ಫೈವ್’ ನುಡಿಸಿದ ಜೋ ಮೊರೆಲ್ಲೊ, ಸೈಮನ್ ಫಿಲಿಪ್ಸ್, ಒಮರ್ ಹಕೀಮ್, ಸ್ಟೀವ್ ಗ್ಯಾಡ್. ಜಾನಿ ಕಾರ್ಸನ್ ಅವರ ಟೆಲಿವಿಷನ್ ಕಾರ್ಯಕ್ರಮದಲ್ಲಿ ರಿಚ್ ಜೊತೆ ಎದುರುಬದುರು ಕುಳಿತು ನುಡಿಸಿದ್ದ ಎಡ್ ಶಾನೆಸ್ಸಿ ಕೂಡ.

ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟ. ರಾಕ್ ಬಳಗದ ಕೆಲವರು ಸಿಕ್ಕಿದ ಅವಕಾಶದಲ್ಲಿ ರಿಚ್ ಅವರಂತೆ ಕೇಳಿಸಲು ಹೆಣಗುವುದು ಕಿವಿಗೆ ಗೊತ್ತಾಗುತ್ತದೆ. ವೃಂದ ಒಂದು ಕಡೆಗೆ ಎಳೆಯುತ್ತದೆ, ಡ್ರಮ್ ಇನ್ನೊಂದು ಕಡೆಗೆ. ಗ್ಯಾಡ್ ‘ಲವ್ ಫಾರ್ ಸೇಲ್’ ಅನ್ನು ತಮ್ಮದೇ ನಡಿಗೆಯಲ್ಲಿ ನಡೆಸಿಕೊಂಡು ಹೋಗುತ್ತಾರೆ, ಅದಕ್ಕೇ ಅದು ಉಳಿಯುತ್ತದೆ. ರೋಚ್ ಅಂತೂ ವೃಂದದ ಗೋಜಿಗೇ ಹೋಗದೆ ಒಬ್ಬರೇ ಕುಳಿತು, ಕಾಲಿನಲ್ಲಿ ಮೂರು ಪೆಟ್ಟಿನ ಆವರ್ತ ಹಿಡಿದು, ಕೈಗಳಿಂದ ಅದರ ಮೇಲೆ ಮಾತಾಡುತ್ತಾರೆ. 1959ರಲ್ಲಿ ‘ರಿಚ್ ವರ್ಸಸ್ ರೋಚ್’ ಎಂಬ ಆಲ್ಬಂನಲ್ಲಿ ಮುಖಾಮುಖಿಯಾಗಿದ್ದ ಇಬ್ಬರಲ್ಲಿ ಉಳಿದವರು ಅಗಲಿದವರಿಗೆ ಸಲ್ಲಿಸಿದ ಆ ಸೋಲೊದಲ್ಲಿ ರಿಚ್ ಅವರ ಒಂದು ಅಕ್ಷರವೂ ಇಲ್ಲ, ಇರಬೇಕಾಗಿಯೂ ಇರಲಿಲ್ಲ. ಪಿಯರ್ಟ್ ಸ್ವತಃ ಜಾಝ್ ರಚನಕಾರ ಡ್ಯೂಕ್ ಎಲಿಂಗ್ಟನ್ ಅವರ ‘ಕಾಟನ್ ಟೇಲ್’ ನುಡಿಸಿದ್ದಾರೆ. ಪ್ರಾಮಾಣಿಕವಾಗಿ ಹೇಳುತ್ತೇನೆ: ಅಚ್ಚುಕಟ್ಟಾಗಿದೆ, ಆದರೆ ಬಿಗಿದುಕೊಂಡಿದೆ. ರಶ್ ಅಭಿಮಾನಿಗಳು ಬೇಸರಿಸಬಾರದು, ನಾನೂ ನಿಮ್ಮ ಪೈಕಿಯೇ.

ಇಲ್ಲಿಂದ ಮುಂದಿನದು ನನಗೆ ಮುಖ್ಯ. ‘ಜರ್ನಿ’ ಎಂಬ ರಾಕ್ ತಂಡದಿಂದ ಹೆಸರಾದ ಸ್ಟೀವ್ ಸ್ಮಿತ್ ಆ ದಿನಗಳಲ್ಲಿ ‘ನಟ್‌ವಿಲ್’ ನುಡಿಸಲು ಬಂದಿದ್ದರು. ತಮಗೆ ಹಿಂದಿನಿಂದಲೂ ಪರಿಚಯವಿದ್ದ ಈ ಡ್ರಮ್ಮರ್‌ನ ಕೈಗಳಲ್ಲಿ ಹೊಸದೊಂದು ಸಲೀಸು, ಹೊಸದೊಂದು ಸಂಗೀತ ಬಂದಿರುವುದನ್ನು ಕಂಡು ಪಿಯರ್ಟ್ ಬೆರಗಾಗಿ ಕಾರಣ ಕೇಳಿದರು. ಸ್ಮಿತ್ ಕೊಟ್ಟ ಉತ್ತರ ಒಬ್ಬ ಗುರುವಿನ ಹೆಸರು: ಫ್ರೆಡ್ಡಿ ಗ್ರೂಬರ್. ಈ ಗ್ರೂಬರ್ ಬಡ್ಡಿ ರಿಚ್ ಅವರ ಆಪ್ತ ಗೆಳೆಯ. ವಾದಕನಾಗಿ ಸಾಮಾನ್ಯ ಕೇಳುಗರಿಗೆ ಅಪರಿಚಿತ, ಡ್ರಮ್ಮರ್‌ಗಳ ನಡುವೆ ಮಾತ್ರ ದಂತಕಥೆ. ಪಿಯರ್ಟ್ ಈ ಗ್ರೂಬರ್ ಅವರ ಬಳಿ ಶಿಷ್ಯರಾಗಿ ಸೇರಿದರು. ಆಗ ಪಿಯರ್ಟ್ ಅವರಿಗೆ ನಲವತ್ತು ದಾಟಿತ್ತು.

ಗ್ರೂಬರ್ ಕಲಿಸಿದ್ದು ಹೊಸ ಪಾಠಾಕ್ಷರಗಳನ್ನಲ್ಲ. ಪೆಟ್ಟು ಬಿದ್ದ ಮೇಲೆ ಕೋಲು ಎಲ್ಲಿ ಹೋಗುತ್ತದೆ, ಮುಂದಿನ ಪೆಟ್ಟಿನವರೆಗೆ ಕೈ ಯಾವ ದಾರಿಯಲ್ಲಿ ಸುತ್ತುತ್ತದೆ, ಚರ್ಮ ತಾನಾಗಿ ಎಸೆದುಕೊಟ್ಟ ಕೋಲನ್ನು ತಡೆಯದೆ ಬಳಸಿಕೊಳ್ಳುವುದು ಹೇಗೆ ಎಂಬುದು ಅವರ ಚಿಂತೆ. ಅದಕ್ಕಾಗಿ ಪಿಯರ್ಟ್ ತಮ್ಮ ವಾದ್ಯಗಳ ಜೋಡಣೆಯನ್ನೂ ಕೂರುವ ರೀತಿಯನ್ನೂ ಬದಲಿಸಿದರು, ಎಡಗೈಯಲ್ಲಿ ಕೋಲನ್ನು ಅಂಗೈ ಮೇಲ್ಮುಖವಾಗಿ ಹಿಡಿಯುವ ಹಳೆಯ ಜಾಝ್ ಹಿಡಿತಕ್ಕೆ ಮರಳಿದರು, ತಿಂಗಳುಗಟ್ಟಲೆ ನಿತ್ಯ ಸಾಧನೆಗೆ ಕುಳಿತರು. ಇಪ್ಪತ್ತು ವರ್ಷ ಕ್ರೀಡಾಂಗಣಗಳನ್ನು ತುಂಬಿಸಿದ ವ್ಯಕ್ತಿ, ಯಾರೂ ಕೇಳದಿದ್ದರೂ, ಯಾವ ವಾಣಿಜ್ಯ ಲಾಭವೂ ಇಲ್ಲದಿದ್ದರೂ ತನ್ನ ಕೈಯನ್ನು ತಾನೇ ಬಿಚ್ಚಿ ಮತ್ತೆ ಜೋಡಿಸಿಕೊಂಡರು. 1996ರಲ್ಲಿ ಬಂದ ರಶ್ ಆಲ್ಬಂ ‘ಟೆಸ್ಟ್ ಫಾರ್ ಎಕೋ’ ಈ ಹೊಸ ಕೈಯ ಫಲ. ಅನೇಕ ಅಭಿಮಾನಿಗಳಿಗೆ ಅದರಲ್ಲಿ ವ್ಯತ್ಯಾಸವೇ ಕೇಳಿಸಲಿಲ್ಲ, ಅದು ಸಹಜ. ವ್ಯತ್ಯಾಸ ಇರುವುದು ಪೆಟ್ಟುಗಳಲ್ಲಲ್ಲ, ಪೆಟ್ಟುಗಳ ನಡುವಿನ ಸಡಿಲದಲ್ಲಿ. ನಂತರದ ವರ್ಷಗಳಲ್ಲಿ ರಶ್ ಕಛೇರಿಗಳ ಅವರ ಸೋಲೊ, ಬಿಗ್ ಬ್ಯಾಂಡ್ ತುಣುಕಿನೊಂದಿಗೆ ಮುಗಿಯತೊಡಗಿತು. ರಾಕ್ ಕೇಳಲು ಬಂದ ಸಾವಿರಾರು ತರುಣರಿಗೆ ಕೌಂಟ್ ಬೇಸಿಯ ‘ಒನ್ ಒ’ಕ್ಲಾಕ್ ಜಂಪ್’ ಪರಿಚಯವಾದದ್ದು ಹೀಗೆ.

ನಮ್ಮ ಕಡೆಯ ಓದುಗರಿಗೆ ಈ ಕಥೆಯಲ್ಲಿ ಇನ್ನೊಂದು ನೇರ ಎಳೆಯಿದೆ. 1968ರಲ್ಲಿ ಬಡ್ಡಿ ರಿಚ್ ಮತ್ತು ತಬಲಾ ವಾದಕ ಉಸ್ತಾದ್ ಅಲ್ಲಾ ರಖಾ ಜೊತೆಯಾಗಿ ‘ರಿಚ್ ಆ ಲಾ ರಖಾ’ ಎಂಬ ಆಲ್ಬಂ ಹೊರತಂದರು. ಪಂಡಿತ್ ರವಿಶಂಕರ್ ಅದರ ಹಿಂದಿದ್ದರು. ಅದರಲ್ಲಿ ರಿಚ್ ಅಬ್ಬರಿಸುವುದಿಲ್ಲ, ಆಲಿಸುತ್ತಾರೆ. ನನಗೆ ಅದು ಅವರ ಮತ್ತೊಂದು ಮುಖ. ಇತ್ತ ಸ್ಟೀವ್ ಸ್ಮಿತ್ ಕರ್ನಾಟಕ ಸಂಗೀತದ ಕೊನ್ನಕ್ಕೋಲ್ ಕಲಿತು, ವೇದಿಕೆಯ ಮೇಲೆ ಬಾಯಲ್ಲಿ ಸೊಲ್ಲುಕಟ್ಟು ಹೇಳಿ ಅದನ್ನು ಡ್ರಮ್ಸ್ ಮೇಲೆ ನುಡಿಸುವುದನ್ನು ರೂಢಿಸಿಕೊಂಡಿದ್ದಾರೆ. ಮೃದಂಗ ಕಲಿಯುವ ನಮ್ಮ ಮಕ್ಕಳು ಅದನ್ನೊಮ್ಮೆ ನೋಡಬೇಕು, ಅವರ ಉಚ್ಚಾರದ ಬಗ್ಗೆ ನಗದೆ.

ಇಷ್ಟೆಲ್ಲ ಹೇಳಿ ರಿಚ್ ಅವರ ಸಿಟ್ಟಿನ ವಿಷಯ ಬಿಟ್ಟರೆ ಅದು ಅರೆಸತ್ಯವಾಗುತ್ತದೆ. ಪ್ರವಾಸದ ಬಸ್ಸಿನಲ್ಲಿ ತಮ್ಮ ವೃಂದದ ತರುಣ ವಾದಕರನ್ನು ಅವಾಚ್ಯವಾಗಿ ಬಯ್ಯುವ ಅವರ ದನಿಯನ್ನು ವೃಂದದವರೊಬ್ಬರು ಗುಟ್ಟಾಗಿ ಟೇಪ್ ಮಾಡಿಕೊಂಡಿದ್ದರು. ಅದು ಈಗ ಜಗತ್ತಿಗೇ ಗೊತ್ತು. ಅನೇಕರು ಅದನ್ನು ಹಾಸ್ಯವೆಂದು ಕೇಳುತ್ತಾರೆ. ನನಗೆ ಅದರಲ್ಲಿ ನಗು ಬರುವುದಿಲ್ಲ. ಪ್ರತಿಭೆಯ ತೀಕ್ಷ್ಣತೆ ಎಂಬ ಹೆಸರಿನಲ್ಲಿ ಕೈಕೆಳಗಿನವರನ್ನು ಹೀಯಾಳಿಸುವುದನ್ನು ಕ್ಷಮಿಸುವ ಅಭ್ಯಾಸ ನಮ್ಮ ಗುರುಪರಂಪರೆಗಳಲ್ಲೂ ಸಾಕಷ್ಟಿದೆ. ಗೌರವ ಸಲ್ಲಿಸಿದ ಡ್ರಮ್ಮರ್‌ಗಳಲ್ಲಿ ಹಲವರು ಈ ಗುಣವನ್ನು ಪ್ರೀತಿಯಿಂದ ನೆನೆಯುವಾಗ ನಾನು ಅವರೊಂದಿಗಿಲ್ಲ. ರಿಚ್ ಅವರ ಶಿಸ್ತು ಮತ್ತು ಅವರ ಸಿಟ್ಟು ಬೇರೆ ಬೇರೆ. ಪಿಯರ್ಟ್ ಮೊದಲನೆಯದನ್ನು ಮಾತ್ರ ಎತ್ತಿಕೊಂಡರು, ಅದನ್ನೂ ತಮ್ಮ ಮೇಲೆಯೇ ಪ್ರಯೋಗಿಸಿದರು.

ಗ್ರೂಬರ್ ಪಾಠ ಮುಗಿದು ಹತ್ತು ವರ್ಷ ದಾಟಿದ ಮೇಲೆ, ಐವತ್ತೈದರ ಆಸುಪಾಸಿನಲ್ಲಿ, ಪಿಯರ್ಟ್ ಜಾಝ್ ಡ್ರಮ್ಮರ್ ಪೀಟರ್ ಅರ್ಸ್ಕಿನ್ ಅವರ ಬಳಿ ಮತ್ತೆ ಪಾಠಕ್ಕೆ ಹೋದರು. 2008ರಲ್ಲಿ ನ್ಯೂಯಾರ್ಕಿನ ರಿಚ್ ಸ್ಮರಣಾರ್ಥ ಕಛೇರಿಯಲ್ಲಿ, 1991ರಲ್ಲಿ ತೃಪ್ತಿ ಸಿಗದಿದ್ದ ಅದೇ ಕೆಲಸಕ್ಕೆ, ಬಿಗ್ ಬ್ಯಾಂಡ್ ಎದುರು ಇನ್ನೊಮ್ಮೆ ಕುಳಿತರು. ಅಲ್ಲಿಯೂ ಅವರು ರಿಚ್ ಆಗಲಿಲ್ಲ, ಹುಟ್ಟು ಜಾಝ್ ವಾದಕರೂ ಆಗಲಿಲ್ಲ. ಆದರೆ ವೃಂದ ಮತ್ತು ಡ್ರಮ್ ಒಂದೇ ಕಡೆಗೆ ಎಳೆಯುತ್ತಿದ್ದವು; ‘ಕಾಟನ್ ಟೇಲ್’ನಲ್ಲಿ ನಾನು ಕೇಳಿದ ಬಿಗುವು ಅಲ್ಲಿ ಬಹಳಷ್ಟು ಸಡಿಲಿಸಿತ್ತು.