ಖಾಲಿ ಹೊರಡುವ ಬಸ್ಸು

ನನ್ನ ಷಡ್ಡಕರು ಹಾವೇರಿಯವರು. ಈ ಡಿಸೆಂಬರಿನಲ್ಲಿ ಸಂಸಾರ ಸಮೇತ ನಾನಿರುವ ಟಾಂಜಾನಿಯಾಕ್ಕೆ ಬರುತ್ತಾರಂತೆ. ಒಂಬತ್ತು ದಿನದ ಪ್ಲಾನನ್ನು ಅವರೇ ಎಕ್ಸೆಲ್ ಶೀಟಿನಲ್ಲಿ ಹಾಕಿ ಕಳಿಸಿದ್ದಾರೆ. ಜೊತೆಗೊಂದು ವಾಯ್ಸ್ ಮೆಸೇಜು: "ಎಲ್ಲಾ ಬರದೀನ್ರಿ, ನೀವು ಸುಮ್ನ ಟಿಕೆಟ್ ತೆಗಸ್ರಿ."

ಶೀಟ್ ತೆಗೆದು ನೋಡಿದೆ. ಎರಡನೇ ದಿನ ಬೆಳಿಗ್ಗೆ ದಾರ್ ಎಸ್ ಸಲಾಮ್, ಮಧ್ಯಾಹ್ನ ಅರುಶಾ, ಸಂಜೆ ಸೆರೆಂಗೆಟಿಯಲ್ಲಿ ಸಿಂಹ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ನನ್ನ ತಲೆಯಲ್ಲೂ ಇಂಥದ್ದೇ ಒಂದು ಶೀಟ್ ಇತ್ತು. ಹಾಗಾಗಿ ನಗು ಬಂದರೂ ನಗಲಿಲ್ಲ.

ಮೊದಲು ದೂರದ ವಿಷಯ. ಕರ್ನಾಟಕದ ಐದರಷ್ಟು ದೊಡ್ಡ ದೇಶ ಇದು. ದಾರ್‌ನಿಂದ ಅರುಶಾಕ್ಕೆ 600 ಕಿಲೋಮೀಟರಿಗೂ ಜಾಸ್ತಿ. ರಸ್ತೆ ಚೆನ್ನಾಗಿದೆ, ಆದರೆ ಬಸ್ಸಿಗೆ 80ರ ಮೇಲೆ ಓಡುವಂತಿಲ್ಲ. ಊರು ಬಂದರೆ 50. ಬಿಳಿ ಸಮವಸ್ತ್ರದ ಟ್ರಾಫಿಕ್ ಪೊಲೀಸರು ಮರದ ಕೆಳಗೆ ಸ್ಪೀಡ್ ಗನ್ ಹಿಡಿದು ನಿಂತಿರುತ್ತಾರೆ. ಹೀಗಾಗಿ ಹತ್ತು ಹನ್ನೆರಡು ಗಂಟೆ ಹಿಡಿಯುತ್ತದೆ. ಸುಮಾರು ಮೂವತ್ತು ವರ್ಷ ಇಲ್ಲಿ ರಾತ್ರಿ ಬಸ್ಸೇ ಇರಲಿಲ್ಲ. ಅಪಘಾತ ಜಾಸ್ತಿ ಎಂದು ಸರ್ಕಾರ ನಿಲ್ಲಿಸಿತ್ತು, 2023ರಲ್ಲಿ ಮತ್ತೆ ಬಿಟ್ಟರು. ರಾತ್ರಿ ಸ್ಲೀಪರ್ ಹತ್ತಿ ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದು ರೂಢಿಯಾದ ನಮಗೆ, ಹಗಲು ಪೂರ್ತಿ ಬಸ್ಸಿನಲ್ಲೇ ಕೂರುವುದು ಎಂದರೆ ಜೀವ ಹೋದ ಹಾಗೆ. ಅವರ ಶೀಟಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ದಿನ ಎಲ್ಲೆಲ್ಲಿ ಇತ್ತೋ, ಅಲ್ಲಿ ಬೇರೆಲ್ಲ ಅಳಿಸಿ 'ಬಸ್ಸು' ಎಂದಷ್ಟೇ ಬರೆದೆ.

ಇನ್ನು ಗಡಿಯಾರ. ಇದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಬಂದ ಮೊದಲ ವರ್ಷ ಇರಿಂಗಾ ಎಂಬ ಊರಿಗೆ ಹೋಗಬೇಕಿತ್ತು. ಟಿಕೆಟಿನ ಮೇಲೆ ಪೆನ್ನಿನಲ್ಲಿ 12 ಅಂತ ಬರೆದಿತ್ತು. ಮನೆಯಲ್ಲಿ ಅವಲಕ್ಕಿ ತಿಂದು, ಆರಾಮಾಗಿ ಹನ್ನೊಂದೂವರೆಗೆ ದಾರ್‌ನ ಎಂಬೆಜಿ ಬಸ್ ನಿಲ್ದಾಣಕ್ಕೆ ಹೋದೆ. ನನ್ನ ಬಸ್ಸು ಹೋಗಿ ಐದೂವರೆ ಗಂಟೆಯಾಗಿತ್ತು! ಇಲ್ಲಿಯ ಭಾಷೆ ಸ್ವಾಹಿಲಿಯ ಲೆಕ್ಕದಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಏಳು ಗಂಟೆ ಅವರಿಗೆ 'ಸಾ ಮೋಜಾ', ಅಂದರೆ ಒಂದು ಗಂಟೆ. ನಮ್ಮ ಬೆಳಗಿನ ಆರು ಅವರಿಗೆ ಹನ್ನೆರಡು. ಭೂಮಧ್ಯರೇಖೆ ಹತ್ತಿರ ಇರುವುದರಿಂದ ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ ಆರು, ಆರೂವರೆ ಆಸುಪಾಸಿನಲ್ಲೇ ಹುಟ್ಟುತ್ತಾನೆ. ಹಾಗಾಗಿ ಈ ಲೆಕ್ಕ ಎಂದೂ ಕೆಡುವುದಿಲ್ಲ. ಅವತ್ತು ಸಿಟ್ಟು ಬಂದಿತ್ತು. ಆಮೇಲೆ ನಮ್ಮಜ್ಜನ ನೆನಪಾಯಿತು. ಪಂಚಾಂಗ ಹಿಡಿದು "ಸೂರ್ಯೋದಯಾದ ಮ್ಯಾಲ ಇಷ್ಟು ಘಳಿಗಿ" ಎಂದು ಎಣಿಸುತ್ತಿದ್ದ ಮನುಷ್ಯ. ಅವನು ಇಲ್ಲಿದ್ದಿದ್ದರೆ ಬಸ್ ತಪ್ಪಿಸಿಕೊಳ್ಳುತ್ತಿರಲಿಲ್ಲ. ಈಗ ನಾನು ಟಿಕೆಟ್ ತಗೊಂಡ ಮೇಲೆ ಎರಡು ಸಲ ಕೇಳುತ್ತೇನೆ: ನಿಮ್ಮ ಸಮಯವೋ, ಇಂಗ್ಲಿಷ್ ಸಮಯವೋ?

ಊರೊಳಗೆ ಓಡಾಡಲು ದಾಲದಾಲಾ ಇದೆ. ಮಿನಿ ಬಸ್ಸು. ಹಿಂದೆ ಐದು ಶಿಲ್ಲಿಂಗ್ ನಾಣ್ಯಕ್ಕೆ ಜನ ಡಾಲರ್ ಎಂಬ ಅರ್ಥದಲ್ಲಿ 'ದಾಲಾ' ಅನ್ನುತ್ತಿದ್ದರು, ಆ ನಾಣ್ಯವೇ ಚಾರ್ಜು, ಅದೇ ಹೆಸರಾಯಿತು. ಬೈಕ್ ಟ್ಯಾಕ್ಸಿ ಬೋಡಾಬೋಡಾ. ಆಟೋಗೆ 'ಬಜಾಜಿ' ಅಂತಾರೆ, ಯಾವ ಕಂಪನಿಯದಾದರೂ ಸರಿ. ಪೆಟ್ರೋಲ್ ಬಂಕಿಗೆ 'ಶೆಲಿ', ಶೆಲ್ ಕಂಪನಿಯ ಹೆಸರಿನಿಂದ. ನಾವು ಮಣ್ಣು ಅಗೆಯುವ ಯಂತ್ರಕ್ಕೆಲ್ಲ ಜೆಸಿಬಿ ಅನ್ನುತ್ತೇವಲ್ವಾ, ಹಾಗೆ. ಕಂಡಕ್ಟರ್‌ಗೆ 'ಕೊಂಡಾ'. ನೋಟುಗಳನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡು ಬಾಗಿಲಲ್ಲಿ ನೇತಾಡುತ್ತಾನೆ. ಇಳಿಯಬೇಕಾದರೆ "ಶುಷಾ" ಎಂದು ಕೂಗಬೇಕು. ಚಿಲ್ಲರೆ ಇಲ್ಲದಿದ್ದರೆ ಪಕ್ಕದ ನಾಲ್ಕು ಜನರಿಂದ ಅಲ್ಲೇ ಹೊಂದಿಸಿ ಕೊಡುತ್ತಾನೆ. ಟಿಕೆಟ್ಟಿನ ಹಿಂದೆ ಬರೆದುಕೊಟ್ಟು, ಇಳಿಯುವಾಗ ಮರೆತು, ಬಸ್ಸಿನ ಹಿಂದೆ ಓಡುವ ನಮ್ಮ ಪದ್ಧತಿ ಇಲ್ಲಿಲ್ಲ. ಈ ಒಂದು ವಿಷಯದಲ್ಲಿ ಇವರಿಗೇ ನೂರಕ್ಕೆ ನೂರು.

ಆದರೆ ಹೇಳಬೇಕೆಂದಿದ್ದು ಇದಲ್ಲ. ಮೊಂಬೊ ಎಂಬ ಊರಿನಲ್ಲಿ ಕಾದ ಎರಡು ಗಂಟೆಯ ಬಗ್ಗೆ ಹೇಳಬೇಕು.

ಮೊಂಬೊ ಅರುಶಾ ದಾರಿಯಲ್ಲಿದೆ. ಅಲ್ಲಿಂದ ಬಲಕ್ಕೆ ಘಾಟಿ ಹತ್ತಿದರೆ ಉಸಂಬಾರಾ ಬೆಟ್ಟಗಳ ಲುಶೋಟೊ. 30 ಕಿಲೋಮೀಟರ್ ಚಿಲ್ಲರೆ. ಕೋಸ್ಟರ್ ಎಂಬ ಒಂದು ಮಿನಿ ಬಸ್ಸು ಇಂಜಿನ್ ಚಾಲೂ ಮಾಡಿಕೊಂಡು ನಿಂತಿತ್ತು, ಕೊಂಡಾ "ಲುಶೋಟೊ, ಲುಶೋಟೊ" ಎಂದು ಕೂಗುತ್ತಿದ್ದ. ಈಗ ಹೊರಡುತ್ತದೆ ಎಂದು ಓಡಿ ಹತ್ತಿದೆ. ಹೊರಡಲಿಲ್ಲ. ಇಂಜಿನ್ ಸದ್ದು ನನ್ನಂಥವರನ್ನು ಹತ್ತಿಸಲಿಕ್ಕೆ. ಗಾಡಿ ತುಂಬಬೇಕು, ಆಮೇಲೆ ಹೊರಡುವುದು. ಗದಗ, ಕೊಪ್ಪಳದ ಕಡೆ ಕ್ರೂಸರ್ ತುಂಬುತ್ತಾರಲ್ಲ, ಅದೇ ಶಾಸ್ತ್ರ. ಒಬ್ಬಾಕೆ ಟೊಮೆಟೊ ಬುಟ್ಟಿ ತಂದಳು, ಒಬ್ಬ ಎರಡು ಕೋಳಿ. ಒಂದು ಸೀಟು ತುಂಬಿದರೆ ಇನ್ನೊಬ್ಬ ಚಹಾಕ್ಕೆ ಇಳಿದು ಹೋಗುತ್ತಿದ್ದ. ಎರಡು ಗಂಟೆ.

ಹರಕು ಸ್ವಾಹಿಲಿಯಲ್ಲಿ ಡ್ರೈವರನ್ನು ಕೇಳಿದೆ, ನಾಲ್ಕು ಸೀಟು ಖಾಲಿ ಇದ್ದರೆ ಏನಾಯಿತಪ್ಪಾ? ಅವನು 'ಹೆಸಾಬು' ಅಂದ. ನಮ್ಮ ಹಿಸಾಬು, ಅದೇ ಅರಬ್ಬಿ ಮಾತು. ಗಾಡಿ ಅವನದಲ್ಲ. ಮಾಲೀಕನಿಗೆ ಸಂಜೆ ಇಂತಿಷ್ಟು ಎಂದು ಕಟ್ಟಬೇಕು, ಡೀಸೆಲ್ಲೂ ಡ್ರೈವರನದೇ ಲೆಕ್ಕ, ಉಳಿದದ್ದು ಅವನಿಗೂ ಕೊಂಡಾನಿಗೂ ಕೂಲಿ. ಖಾಲಿ ಸೀಟು ಅಂದರೆ ಅವನ ಮನೆಯ ಊಟ. ದಾರ್‌ನಲ್ಲಿ ದಾಲದಾಲಾಗಳು ಒಂದನ್ನೊಂದು ಹಿಂದೆ ಹಾಕಿ ನುಗ್ಗುವುದೂ ಇದೇ ಹೆಸಾಬಿಗೆ. ಹಿಂದೆ ಇಲ್ಲೂ ನಗರಕ್ಕೆ ಸರ್ಕಾರಿ ಬಸ್ ಕಂಪನಿ ಇತ್ತು. 1980ರ ದಶಕದಲ್ಲಿ ಅದು ಸೊರಗಿತು, ಖಾಸಗಿ ಗಾಡಿಗಳು ಆ ಜಾಗ ತುಂಬಿದವು.

ಅವತ್ತು ನನಗೆ ನೆನಪಾದದ್ದು ನಮ್ಮೂರಿನ ವಸ್ತಿ ಬಸ್ಸು. ರಾತ್ರಿ ಎಂಟೂವರೆಗೆ ಕೊನೇ ಟ್ರಿಪ್ಪು ಬರುತ್ತಿತ್ತು. ಡ್ರೈವರ್, ಕಂಡಕ್ಟರ್ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಮಲಗುತ್ತಿದ್ದರು. ಯಾರದ್ದೋ ಮನೆಯಿಂದ ರೊಟ್ಟಿ ಪಲ್ಯ ಹೋಗುತ್ತಿತ್ತು. ಬೆಳಿಗ್ಗೆ ಆರಕ್ಕೆ ಹೊರಡುವಾಗ ಒಮ್ಮೊಮ್ಮೆ ಮೂರೇ ಜನ: ನಾನು, ಹಾಲಿನ ಕ್ಯಾನ್ ಹಿಡಿದವನು, ತವರಿಗೆ ಹೊರಟ ಒಬ್ಬ ಹೆಂಗಸು. ಕಂಡಕ್ಟರ್ ನಾಲ್ಕು ಸಲ ಸೀಟಿ ಊದಿ, ಯಾರೂ ಬರದಿದ್ದರೆ "ರೈಟ್" ಅನ್ನುತ್ತಿದ್ದ. ಐವತ್ತು ಸೀಟಿನ ಬಸ್ಸು ಮೂರು ಜನರನ್ನು ಕೂರಿಸಿಕೊಂಡು ಗಡಗಡ ಎಂದು ಹೋಗುತ್ತಿತ್ತು. ಆಗ ಅದನ್ನು ಡಬ್ಬಾ ಬಸ್ಸು ಎಂದು ಬೈದುಕೊಂಡಿದ್ದೇ ಹೆಚ್ಚು. ತಿಂಗಳ ಸಂಬಳ ಇದ್ದುದರಿಂದಲೇ ಆ ಕಂಡಕ್ಟರ್ ಮೂರು ಜನಕ್ಕೆ ರೈಟ್ ಅಂದ ಎನ್ನುವುದು ನನಗೆ ಹೊಳೆದದ್ದು ಮೊಂಬೊದಲ್ಲಿ ಕೂತಾಗ.

ನಷ್ಟದ ರೂಟು ಎಂದು ಇಂಥ ಟ್ರಿಪ್ಪುಗಳನ್ನು ನಿಲ್ಲಿಸಿದಾಗ ಪೇಟೆಯವರಿಗೆ ಅದು ಸರಿ ಅನಿಸಬಹುದು. ನನಗೀಗ ಹಾಗೆ ಅನಿಸುವುದಿಲ್ಲ.

ಹಾಗೆಂದು ಇಲ್ಲಿ ಏನೂ ಇಲ್ಲ ಎಂದಲ್ಲ. ದಾರ್‌ನಲ್ಲಿ 2016ರಿಂದ 'ಎಂವೆಂಡೊಕಾಸಿ' ಎಂಬ ಬೇರೆಯೇ ಪಥದ ಬಸ್ಸುಗಳಿವೆ, ಬೆಂಗಳೂರು ಇನ್ನೂ ಮಾಡದ ಕೆಲಸ. 2024ರಲ್ಲಿ ಗಂಟೆಗೆ 160 ಕಿಲೋಮೀಟರ್ ಓಡುವ ಕರೆಂಟ್ ರೈಲು ಶುರುವಾಯಿತು. ದಾರ್‌ನಿಂದ ರಾಜಧಾನಿ ದೊಡೊಮಾ ಈಗ ನಾಲ್ಕು ಗಂಟೆಯೊಳಗಿನ ದಾರಿ. ರೈಲು ನಿಲ್ದಾಣದ ಗೇಟು ಮೊದಲೇ ಮುಚ್ಚುತ್ತಾರೆ, ಅಲ್ಲಿ ಮಾತ್ರ ಲಗೂನ ಹೋಗಬೇಕು. ಬಸ್ಸಿನ ಟಿಕೆಟ್ಟಿನಿಂದ ಬಾಳೆಹಣ್ಣಿನ ತನಕ ಎಲ್ಲಕ್ಕೂ ಫೋನಿನಲ್ಲೇ ದುಡ್ಡು. ಎಂ-ಪೆಸಾ ಇಲ್ಲಿಗೆ 2008ರಲ್ಲೇ ಬಂತು, ನಮ್ಮ ಯುಪಿಐಗಿಂತ ಎಂಟು ವರ್ಷ ಮೊದಲು.

ದೂರದ ಬಸ್ಸಿನ ಪ್ರಯಾಣವೂ ನನಗೆ ಇಷ್ಟ. ಎಂಬೆಯಾ ಊರಿನ ಗೆಳೆಯನೊಬ್ಬ ಕ್ಯೇಲಾ ಅಕ್ಕಿಯ ಚೀಲ ಬಸ್ಸಿಗೆ ಹಾಕಿ ನನ್ನ ನಂಬರ್ ಬರೆದರೆ ಸಾಕು, ಮರುದಿನ ಫೋನ್ ಬರುತ್ತದೆ. ಧಾರವಾಡದ ಹಾಸ್ಟೆಲಿಗೆ ಅವ್ವ ಡ್ರೈವರ್ ಕೈಯಲ್ಲಿ ರೊಟ್ಟಿ ಗಂಟು ಕಳಿಸುತ್ತಿದ್ದಳಲ್ಲ, ಹಾಗೇ. ಎಂಬೆಯಾ ದಾರಿಯಲ್ಲಿ ಮಿಕುಮಿ ಅಭಯಾರಣ್ಯದೊಳಗೆ ಹೆದ್ದಾರಿ ಹಾಯುತ್ತದೆ, ಬಸ್ಸಿನ ಕಿಟಕಿಯಿಂದಲೇ ಜಿರಾಫೆ. ಮುಂದೆ ರುವಾಹಾ ಎಂಬುಯುನಿ ಹತ್ತಿರ ಸಾಲುಸಾಲು ಬಾವೊಬಾಬ್ ಮರ. ನಮ್ಮ ಸವಣೂರಿನ ದೊಡ್ಡಹುಣಸೆ ಮಠದಲ್ಲಿ ಮೂರೇ ಮೂರು ಇದ್ದುದಕ್ಕೆ ನಾವೆಲ್ಲ ಚಕ್ಕಡಿ ಕಟ್ಟಿಕೊಂಡು ನೋಡಲು ಹೋಗುತ್ತಿದ್ದೆವು. ಇಲ್ಲಿ ಅದರ ಬುಡದಲ್ಲಿ ಈರುಳ್ಳಿ ಚೀಲ ಒರಗಿಸಿ ಮಾರುತ್ತಾರೆ. ನಡುವೆ ಎಲ್ಲೋ ಬಸ್ಸು ನಿಲ್ಲಿಸಿ "ಕುಚಿಂಬಾ ದಾವಾ" ಅನ್ನುತ್ತಾರೆ. ಮದ್ದು ಅಗೆಯುವುದು ಎಂದು ಅರ್ಥ. ಏನೋ ಬೇರು ಕೀಳುತ್ತಾರೆ ಅಂದುಕೊಂಡಿದ್ದೆ. ಎಲ್ಲರೂ ಪೊದೆಯ ಹಿಂದೆ ಹೋದರು. ನಮ್ಮ 'ಒಂದಕ್ಕೆ'ಗಿಂತ ಚೆಂದದ ಮಾತು.

ಷಡ್ಡಕರಿಗೆ ಇಷ್ಟು ಹೇಳಿದೆ. ಕ್ರಿಸ್‌ಮಸ್ಸಿಗೆ ಮುಂಚಿನ ವಾರ ಕಿಲಿಮಂಜಾರೊ ಬುಡದ ಮೋಶಿಯ ಕಡೆ ಬಸ್ಸು ಸಿಗುವುದು ಕಷ್ಟ, ಅಲ್ಲಿಯ ಚಗ್ಗಾ ಜನ ಹಬ್ಬಕ್ಕೆ ಊರಿಗೆ ಹೋಗುತ್ತಾರೆ, ದೀಪಾವಳಿಯ ಬೆಂಗಳೂರಿನ ಹಾಗೆ. ಜಾಂಜಿಬಾರ್ ಇದೇ ದೇಶದ್ದಾದರೂ ಹಡಗು ಹತ್ತುವಾಗ ಪಾಸ್‌ಪೋರ್ಟ್ ಬೇಕು. 2024ರ ಅಕ್ಟೋಬರಿನಿಂದ ಹೊರಗಿನವರಿಗೆ 44 ಡಾಲರಿನ ಇನ್ಶೂರೆನ್ಸ್ ಬೇರೆ. ಅಡಿಸ್ ಅಬಾಬಾ, ನೈರೋಬಿಯಲ್ಲಿ ತಂಗಿ ಬರುವುದಾದರೆ ಹಳದಿ ಜ್ವರದ ಚುಚ್ಚುಮದ್ದು ಹತ್ತು ದಿನ ಮುಂಚೆಯೇ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ವಾಪಸ್ ಇಳಿದಾಗ ನಮ್ಮವರೇ ಕ್ವಾರಂಟೈನಿಗೆ ಹಾಕಬಹುದು.

ಎಲ್ಲ ಬರೆದುಕೊಂಡರು. ಆಮೇಲೆ ಕೇಳಿದರು, "ಆ ಮೊಂಬೊದಾಗ ಗಾಡಿ ತುಂಬಲೇ ಇಲ್ಲ ಅಂದ್ರ ಏನ್ ಮಾಡೂದ್ರಿ?"

"ಖಾಲಿ ಸೀಟಿನ ದುಡ್ಡೂ ನಾವೇ ಕೊಟ್ಟರೆ ಹೊರಡತಾರ."

ಆ ಕಡೆ ನಾದಿನಿಗೆ ಸ್ಪೀಕರಿನಲ್ಲಿ ಎಲ್ಲ ಕೇಳಿಸುತ್ತಿತ್ತು. "ಅಯ್ಯ, ಕೂಡದ ಸೀಟಿಗೂ ರೊಕ್ಕ ಏನ್ರಿ? ನಾ ಇಲ್ಲಿ ಹುಬ್ಬಳ್ಳಿ ತನಕ ಕೂತ ಸೀಟಿಗೂ ಕೊಡೂದಿಲ್ಲ" ಅಂದಳು.