ಟಾಕೀಸಿಗೆ ವಯಸ್ಸು ಸಾಲದು

ಕಾರವಾರ ಪೇಟೆಯ ಹಳೆಯ ಟಾಕೀಸೊಂದಕ್ಕೆ ಒಂದೇ ವಾರದಲ್ಲಿ ಎರಡು ಪತ್ರಗಳು ಬಂದವು. ಕಟ್ಟಡ ತೀರಾ ಹಳೆಯದಾಗಿದೆ, ಆದ್ದರಿಂದ ಕೆಡವತಕ್ಕದ್ದು ಎಂದಿತ್ತು ಒಂದರಲ್ಲಿ. ಕಟ್ಟಡ ಸಾಕಷ್ಟು ಹಳೆಯದಾಗಿಲ್ಲ, ಆದ್ದರಿಂದ ಸಂರಕ್ಷಿಸಲು ಬರುವುದಿಲ್ಲ ಎಂದಿತ್ತು ಇನ್ನೊಂದರಲ್ಲಿ. ಎರಡರ ಮೇಲೂ ಮೊಹರು ಮಾತ್ರ ದುಂಡಗೆ, ಸ್ಪಷ್ಟವಾಗಿ ಬಿದ್ದಿತ್ತು.

ಎರಡನೆಯ ಪತ್ರಕ್ಕೆ ಕಾನೂನಿನ ಬಲವಿದೆ. 1958ರ ಕೇಂದ್ರ ಕಾಯ್ದೆಯ ಪ್ರಕಾರ ಪುರಾತನ ಸ್ಮಾರಕ ಎನಿಸಿಕೊಳ್ಳಲು ಕನಿಷ್ಠ 100 ವರ್ಷ ತುಂಬಿರಬೇಕು. ನಮ್ಮ ಟಾಕೀಸಿಗೆ ಎಪ್ಪತ್ತು ದಾಟಿದೆಯಷ್ಟೇ. ಇನ್ನು ಮೂವತ್ತು ಮಳೆಗಾಲ ಅದು ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಹೊಸ ಸ್ಕೂಟರಿಗೇ ಉಪ್ಪುಗಾಳಿ ತುಕ್ಕು ಹಿಡಿಸುವ ಊರಿನಲ್ಲಿ! ನೀನು ಬೀಳದೆ ಉಳಿದರೆ ಆಮೇಲೆ ಬೀಳದಂತೆ ನಾವು ನೋಡಿಕೊಳ್ಳುತ್ತೇವೆ ಎಂಬ ಭರವಸೆಯನ್ನು ನೆಚ್ಚಿಕೊಂಡು ಚಿರೇಕಲ್ಲಿನ ಗೋಡೆ ಸದ್ಯಕ್ಕೆ ನಿಂತಿದೆ.

ನಮಗೆ ಉಳಿಸಲು ಬರುವುದಿಲ್ಲ ಎನ್ನುವಂತಿಲ್ಲ. ನೀರಿನಲ್ಲಿರಬೇಕಾದ ಚಾಪೆಲ್ ಯುದ್ಧನೌಕೆಯನ್ನು ಮರಳಿನ ಮೇಲೆ ತಂದು ನಿಲ್ಲಿಸಿ ವಸ್ತುಸಂಗ್ರಹಾಲಯ ಮಾಡಿದ ಊರು ಇದು. ಆ ಹಡಗಿಗೆ ಯಾರೂ ವಯಸ್ಸು ಕೇಳಲಿಲ್ಲ. ಅದೇ ತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದಿದ್ದ ಕವಿ ಇಲ್ಲೇ ಒಂದು ನಾಟಕ ಬರೆದರು, 1884ರಲ್ಲಿ ಅಚ್ಚಾಯಿತು. ಅದರ ಹೆಸರು ‘ಪ್ರಕೃತಿರ್ ಪ್ರತಿಶೋಧ್’, ಅಂದರೆ ಪ್ರಕೃತಿಯ ಸೇಡು. ವೇದಿಕೆ ಸಿಕ್ಕಾಗಲೆಲ್ಲ ಇದನ್ನು ಹೇಳಿಕೊಳ್ಳುವ ನಮ್ಮಲ್ಲಿ ಆ ನಾಟಕ ಓದಿದವರು ಕಡಿಮೆ. ಟಾಕೀಸಿನ ಮಾಡನ್ನು ಒಮ್ಮೆ ನೋಡಿದವರಿಗೆ ಓದುವ ಅಗತ್ಯವೂ ಇಲ್ಲ.

ಕರ್ಕಿಯ ಕಥೆ ಇನ್ನೂ ಚೆಂದ. ಹೊನ್ನಾವರದ ಪಕ್ಕದ ಆ ಊರಿನ ಯಕ್ಷಗಾನ ಮೇಳ 1842ರ ಸುಮಾರಿಗೆ ಸಾಂಗ್ಲಿಗೆ ಹೋಗಿ ಆಟ ಆಡಿತು. ಅಲ್ಲಿನ ದೊರೆ ಮಾರುಹೋಗಿ, ಇಂಥದ್ದೇ ಒಂದನ್ನು ನಮ್ಮ ಭಾಷೆಯಲ್ಲಿ ಕಟ್ಟು ಎಂದು ವಿಷ್ಣುದಾಸ ಭಾವೆಗೆ ಹೇಳಿದ. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಅದರ ನೆನಪಿಗೆ ಮರಾಠಿಗರು ಇವತ್ತಿಗೂ ನವೆಂಬರ್ 5ರಂದು ರಂಗಭೂಮಿ ದಿನ ಆಚರಿಸುತ್ತಾರೆ, ಸಾಂಗ್ಲಿಯಲ್ಲಿ ಭಾವೆಯ ಹೆಸರಿನ ನಾಟ್ಯಮಂದಿರವೂ ಇದೆ. ಕರ್ಕಿಯಲ್ಲಿ ಹೆದ್ದಾರಿ ಇದೆ.

ಟಾಕೀಸು ಉಳಿಸುವ ಸಭೆ ಕಲ್ಯಾಣ ಮಂಟಪದಲ್ಲಿ ನಡೆಯಿತು, ಟಾಕೀಸಿನೊಳಗೆ ಕೂರುವುದು ಅಪಾಯವಂತೆ. ಗಣ್ಯರ ಒಡ್ಡೋಲಗ ಮುಗಿಯುವಾಗಲೇ ಹನ್ನೆರಡೂವರೆ. ಮೈಕು ಹಿಡಿದವರೆಲ್ಲರೂ ಗಾಂಧಿ ಕ್ಲಾಸಿನಲ್ಲಿ ನೆಲಕ್ಕೆ ಕೂತು ಸಿನಿಮಾ ನೋಡಿದವರೇ. ಹಾಗಾದರೆ ಬಾಲ್ಕನಿಯಲ್ಲಿ ಅಷ್ಟು ವರ್ಷ ಯಾರು ಕೂತಿದ್ದರೋ ಆ ದೇವರೇ ಬಲ್ಲ. ಕೊನೆಕೊನೆಗೆ ಎರಡನೆಯ ಆಟಕ್ಕೆ ಆಪರೇಟರನನ್ನೂ ಸೇರಿಸಿ ಹನ್ನೊಂದು ಜನ ಇರುತ್ತಿದ್ದರು ಎಂದು ಗೇಟ್‌ಕೀಪರ್ ನನ್ನ ಕಿವಿಯಲ್ಲಿ ಹೇಳಿದ. ಆ ಹನ್ನೊಂದರಲ್ಲಿ ನಾನೂ ಇರಲಿಲ್ಲ, ಆದ್ದರಿಂದ ಸುಮ್ಮನಿದ್ದೆ. ಸಭೆಗೆ ಮಾತ್ರ ಕುರ್ಚಿ ಸಾಲಲಿಲ್ಲ. ಊಟವಿತ್ತು.

ಠರಾವೂ ಆಯಿತು: ಅಲ್ಲಿ ವಾಣಿಜ್ಯ ಸಂಕೀರ್ಣ ಎದ್ದರೆ ಇತಿಹಾಸದ ಗೌರವಾರ್ಥ ನೆಲಮಾಳಿಗೆಯ ಪಾರ್ಕಿಂಗಿಗೆ ‘ಗಾಂಧಿ ಕ್ಲಾಸ್’ ಎಂದು ಹೆಸರಿಡಬೇಕು.

ಆಮೇಲೆ ದಾಖಲೆ ಸಂಗ್ರಹಕ್ಕೆ ಉಪಸಮಿತಿಯೊಂದು ಹುಟ್ಟಿತು. “ಮಾಸ್ತರರೇ, ನಿಮ್ಮ ಹತ್ತಿರ ಏನಾದರೂ ಇದೆಯೇ?” ಎಂದು ಕೇಳಿದರು. ಇತ್ತು. ಚಿಕ್ಕವನಿದ್ದಾಗ ಪ್ರೊಜೆಕ್ಟರ್ ಕೋಣೆಯ ಮೆಟ್ಟಿಲ ಕೆಳಗೆ ಹೆಕ್ಕಿದ ಫಿಲ್ಮಿನ ತುಂಡು. ರೀಲು ಕಡಿದಾಗ ಆಪರೇಟರ್ ಎರಡು ತುದಿಗಳನ್ನು ಅಂಟಿಸಿ, ಕತ್ತರಿಸಿದ್ದನ್ನು ಕಿಟಕಿಯಿಂದ ಎಸೆಯುತ್ತಿದ್ದ. ಜೊತೆಗೆ ಪ್ರೊಜೆಕ್ಟರಿನ ಬೆಳಕಿಗೆ ಉರಿದು ಮುಗಿದ ಕಾರ್ಬನ್ ಕಡ್ಡಿಯ ಮೋಟುಗಳೂ ಬೀಳುತ್ತಿದ್ದವು. ಸುಟ್ಟ ಬಲ್ಬಿನ ಬುಡ ಒಡೆದು, ನೀರು ತುಂಬಿ, ಕನ್ನಡಿಯಿಂದ ಬಿಸಿಲು ಹಾಯಿಸಿ ಅಡುಗೆಮನೆಯ ಗೋಡೆಯ ಮೇಲೆ ನಾವು ಆಟ ತೋರಿಸುತ್ತಿದ್ದೆವು. ಪ್ರವೇಶಕ್ಕೆ ಒಂದು ಗೇರುಬೀಜ. ಸೆಕೆಂಡಿಗೆ 24 ಚಿತ್ರ ಓಡಬೇಕು, ನನ್ನ ತುಂಡಿನಲ್ಲಿರುವುದು 3. ಅಂದರೆ ಈ ಊರಿನ ಟಾಕೀಸಿನ ಇತಿಹಾಸದಲ್ಲಿ ಸೆಕೆಂಡಿನ ಎಂಟನೆಯ ಒಂದು ಭಾಗಕ್ಕೆ ನಾನು ವಾರಸುದಾರ.

ತೆಗೆದುಕೊಂಡು ಹೋದೆ. ಗುಮಾಸ್ತರು ಅದನ್ನು ಬೆಳಕಿಗೆ ಹಿಡಿಯಲಿಲ್ಲ.

“ಮೂಲ ಪ್ರತಿ ಬೇಡ, ಜೆರಾಕ್ಸ್ ಕೊಡಿ. ದೃಢೀಕರಿಸಿರಬೇಕು.”

ಮಾಡಿಸಿದೆ. ಹಾಳೆಯ ನಡುವೆ ಬೆರಳಗಲದ ಕಪ್ಪು ಪಟ್ಟಿಯೊಂದನ್ನು ಬಿಟ್ಟರೆ ಏನೂ ಮೂಡಿರಲಿಲ್ಲ. ಗೆಜೆಟೆಡ್ ಅಧಿಕಾರಿಗಳು ಆ ಕಪ್ಪನ್ನು ಮೂಲದೊಂದಿಗೆ ತಾಳೆ ನೋಡಿ, ‘ಮೂಲದಂತೆಯೇ ಇದೆ’ ಎಂದು ಸಹಿ ಹಾಕಿದರು. ಮೊಹರು ದುಂಡಗೆ ಬಿತ್ತು.